ಇಸ್ತ್ರಿ ಮಾಡಿದ ಹೊದಿಕೆ

ಮೇಜಿನ ಮೇಲೆ ಹೊದಿಕೆ, ಅಂಚಿಗೆ ಅಂಚು ಕೂಡಿ, ಮಡಿಕೆಯ ಮೇಲೆ ಮಡಿಕೆ, ಕಿಟಕಿಯಿಂದ ಇಳಿದ ಬೆಳಕು ಅದರ ನೀಲಿ ಅಂಚನ್ನು ಹಿಡಿದು ನಿಂತುಬಿಟ್ಟಿದೆ, ಮುಂದೆ ಹೋಗಲು ಮನಸ್ಸಿಲ್ಲದಂತೆ, ಕೆಳಗೆ ಬೆಳಕು ತಲುಪದ ನೆಲದಲ್ಲಿ ಮುದಿ ನಾಯಿ, ಮುಂಗಾಲುಗಳ ನಡುವೆ ಮೂತಿ ಚಾಚಿ, ಪೊರೆಗಟ್ಟಿದ ಕಣ್ಣು ತೆರೆದಿದ್ದೂ ಏನನ್ನೂ ನೋಡದೆ, ಕಿವಿ ನೆಟ್ಟಗಿದ್ದೂ ಏನನ್ನೂ ಕೇಳದೆ, ಇಡೀ ಮೈಯಲ್ಲಿ ಅಲುಗುತ್ತಿರುವುದು ಮೂಗಿನ ತುದಿಯೊಂದೇ – ಬೆಳಗಿನಿಂದ ಹೀಗೇ ಏನೋ ಹುಡುಕುತ್ತಿದೆ, ಎಂದುಕೊಂಡ ಅವನು, ಒಗೆದ ಅಂಗಿಯ ಗರಿಗರಿ ಕಾಲರು ಕತ್ತಿಗೆ ಒತ್ತುತ್ತಿರಲು, ಹೊರಡುವ ಸುಳಿವು ಸಿಕ್ಕಿರಬೇಕು ಯಜಮಾನ್ರಿಗೆ. ನಾಯಿಗೆ ಆ ಹೆಸರಿಟ್ಟವಳು ಜೊತೆಗಿರುವ ಅಕ್ಕ, ನಾಯಿಗಳ ಆಸರೆಮನೆಯ ಹುಡುಗಿ ಇದನ್ನು ಹೊತ್ತು ತಂದು, ಯಾರಾದ್ರೂ ಸಾಕೋರು ಸಿಗೋ ತನಕ ಮಾತ್ರ ಇಟ್ಕೊಳ್ಳಿ ತಾತ ಅಂದಾಗ, ಅಕ್ಕ ಸೊಂಟಕ್ಕೆ ಕೈ ಕೊಟ್ಟು, ಕಣ್ಣು ಕಾಣಲ್ಲ, ಕಿವಿ ಕೇಳಲ್ಲ, ಹೊತ್ತೊತ್ತಿಗೆ ಊಟ ಮಾತ್ರ ಬೇಕು, ಸಾಕ್ಷಾತ್ ಮನೆ ಯಜಮಾನ್ರೇ ಬಂದ್ರಲ್ಲಪ್ಪ ಅಂದಿದ್ದಳು. ಊಟವನ್ನೂ ಮಾಡಲಿಲ್ಲ ಆಗ, ಮಂಚದ ಕೆಳಗೆ ಗೋಡೆಗಂಟಿ ನಡುಗುತ್ತಿತ್ತು, ಮುಟ್ಟಹೋದರೆ ಗಾಳಿಯನ್ನು ಕಚ್ಚುತ್ತಿತ್ತು, ಕಾಣದವನಿಗೆ ಕೈಯೆಂದರೆ ಎಲ್ಲಿಂದಲೋ ಬೀಳುವ ಏಟಲ್ಲವೇ, ತಟ್ಟೆ ಇಟ್ಟಲ್ಲೇ ಒಣಗಿತು, ಆಮೇಲೊಂದು ಮಧ್ಯಾಹ್ನ ಅವನು ಬಿಚ್ಚಿ ಮಂಚಕ್ಕೆಸೆದ ಬೆವರು ಬನಿಯನ್ನು ಜಾರಿ ಕೆಳಗೆ ಬಿದ್ದು, ಬಗ್ಗಿ ನೋಡಿದರೆ ನಾಯಿ ಅದರಲ್ಲಿ ಮೂಗು ಹೂತು ಮಲಗಿದೆ, ನಡುಕವಿಲ್ಲ, ನದಿ ದಾಟಿ ಬಂದವನು ದಡದ ಮಣ್ಣಿಗೆ ಮುಖವಿಟ್ಟ ಹಾಗೆ – ಅಂದೇ ತಾನು ಹೊದೆಯುತ್ತಿದ್ದ ಹೊದಿಕೆಯನ್ನು ಅದಕ್ಕೆ ಬಿಟ್ಟುಕೊಟ್ಟ, ಅದೇ ಅದರ ಹಾಸಿಗೆ, ಅದೇ ಮನೆ, ನಾಲ್ಕು ದಿಕ್ಕೂ ಅದೇ.

ಉಳಿಯಬಹುದಿತ್ತು, ಹಿಂಗಾಲು ಸೋಲದಿದ್ದರೆ, ಈ ಮನೆ ಮೂರನೆಯ ಮಹಡಿಯಲ್ಲಿರದಿದ್ದರೆ, ಎತ್ತಿಕೊಂಡು ಇಳಿಯುವಾಗ ಅವನ ಮಂಡಿ ಕುಸಿದು ಇಬ್ಬರೂ ಉರುಳದಿದ್ದರೆ. ಕುರುಡನ ಹೆಗಲ ಮೇಲೆ ಕುಂಟ ಕೂತು ಊರು ಸೇರಿದ್ದು ಕಥೇಲಿ ಕಣೋ, ಕುಂಟನೇ ಕುರುಡನ್ನ ಹೊತ್ರೆ ಇಬ್ರೂ ಆಸ್ಪತ್ರೆ ಸೇರ್ತೀರ ಅಂದಳು ಅಕ್ಕ, ಹಾಸ್ಯದ ಮಾತು, ನಗಲಿಲ್ಲ ಅವಳೂ. ಆಸರೆಮನೆಗೆ ಫೋನು ಮಾಡಿದವನು ಅವನೇ. ನಿವೃತ್ತ ನರ್ಸೊಬ್ಬರು ಸಿಕ್ಕಿದ್ದಾರಂತೆ, ಮೆಟ್ಟಿಲಿಲ್ಲದ ಮನೆ, ಬಿಸಿಲು ಬೀಳುವ ಅಂಗಳ, ಇದಕ್ಕಿಂತ ಇನ್ನೇನು ಬೇಕು, ಹೊದಿಕೆ ಮರೀದೆ ಕೊಡಿ ತಾತ, ಹೊಸ ಜಾಗದಲ್ಲಿ ಅದನ್ನ ಬಿಟ್ರೆ ಅವನಿಗ್ಯಾರೂ ಇಲ್ಲ ಅಂದಿದ್ದಳು ಹುಡುಗಿ, ಮರೆಯುವುದುಂಟೇ, ನಿನ್ನೆ ಬೆಳಿಗ್ಗೆ ಮೊದಲು ನೆನೆಸಿದ್ದೇ ಅದನ್ನು. ಜೀವಮಾನವೆಲ್ಲ ಲಾಂಡ್ರಿಯಲ್ಲಿ ಕಳೆದವನು, ಪರರ ಬೆವರು ಕಳೆದು, ಬಟ್ಟೆಯನ್ನು ಯಾರದೂ ಅಲ್ಲವೆಂಬಷ್ಟು ಬೆಳ್ಳಗೆ ಮಾಡಿ ಹಿಂದಿರುಗಿಸಿದವನು, ಇನ್ನೊಬ್ಬರ ಮನೆಗೆ ಕೊಳೆ ಬಟ್ಟೆ ಕಳಿಸುತ್ತಾನೆಯೇ, ಕೈ ತಾನಾಗಿ ಸೋಪಿಗೆ ಹೋಯಿತು, ಆಮೇಲೆ ನಿಲ್ಲಲಾರದೆ ಹಾಸು, ದಿಂಬಿನ ಚೀಲ, ಟವೆಲು, ತನ್ನ ಅಂಗಿ ಬನಿಯನ್ನೆಲ್ಲ, ನಿಂತರೆ ಅತ್ತುಬಿಡುತ್ತೇನೋ ಎಂದು ಬಾಗಿಲ ಪರದೆಯನ್ನೂ – ಇನ್ನು ಗೋಡೆ ಬಾಕಿ, ಅದನ್ನೂ ನೆನೆಸು ಅಂದಳು ಅಕ್ಕ – ಕರೆಗಂಟೆ, ಬಂದರು, ಇಷ್ಟು ಬೇಗ.

ನರ್ಸಮ್ಮ ಒಳ್ಳೆಯವರು, ನೋಡಿದರೇ ತಿಳಿಯುತ್ತದೆ, ಮೊದಲು ನೆಲಕ್ಕೆ ಕೂತರು, ತಲೆ ಮುಟ್ಟಲಿಲ್ಲ, ಹೊದಿಕೆಯನ್ನು ಬಿಚ್ಚಿ ಅದರ ಮೂತಿಯ ಮುಂದೆ ಹಿಡಿದರು, ಮೂಗು ಅಂಚಿನುದ್ದಕ್ಕೂ ಹೋಯಿತು, ಹಿಂದಿರುಗಿತು, ಮತ್ತೆ ಹೋಯಿತು, ಕೊನೆಗೆ ಮುಖ ಆಚೆ ತಿರುಗಿತು. ಒಗೆದ್ರಾ ಅಣ್ಣ, ಅಂದರು ಮೆಲ್ಲಗೆ. ಆಗ ತಿಳಿಯಿತು, ಬೆಳಗಿನಿಂದ ಅದು ಹುಡುಕುತ್ತಿದ್ದುದು ಏನೆಂದು. ಒಗೀದೇ ಇರೋದು ಒಂದಾದ್ರೂ ಇದ್ಯಾ, ಟವೆಲ್ಲೋ ಏನೋ, ಎಂದು ಅವರು ಕೇಳುತ್ತಿರುವಾಗಲೇ ಬೀರು ತೆರೆದ, ಸೋಪು, ಬಿಸಿಲು, ಇಸ್ತ್ರಿಯ ಕಾವು, ಎಲ್ಲವೂ ಚೊಕ್ಕ, ಎಲ್ಲಿಯೂ ಅವನಿಲ್ಲ, ಮೈಮೇಲಿನ ಅಂಗಿಯೂ ಈಗಷ್ಟೇ ತೊಟ್ಟದ್ದು, ಪರವಾಗಿಲ್ಲ ಬಿಡಿ, ಎರಡು ದಿನ ಹಾಕ್ಕೊಂಡ ಬಟ್ಟೆ ಇಟ್ಟಿರಿ, ಬಂದು ತಗೊಂಡು ಹೋಗ್ತೀನಿ ಅಂದರು, ಆ ಎರಡು ದಿನ ಯಾವ ಮಂಚದ ಕೆಳಗೆ, ಯಾವ ಗೋಡೆಗಂಟಿ – ಮಂಡಿಯೂರಿ, ನಿನ್ನೆಯಿಂದ ಸೋಪಿನಲ್ಲೇ ನೆನೆದ ಅಂಗೈ ಚಾಚಿದ, ನಾನು ಕಣ್ರೀ ಯಜಮಾನ್ರೇ, ಅಂದ, ಕೇಳಿಸದ ಕಿವಿಗೆ, ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಮೂಗು ಬಂತು, ತಣ್ಣಗೆ, ಒದ್ದೆ, ಬೆರಳ ಸಂದಿಯಲ್ಲೆಲ್ಲ ಮೂಸಿತು, ಕಚ್ಚಲಿಲ್ಲ, ಅಪರಿಚಿತರ ಮನೆಯಲ್ಲಿ ಮರ್ಯಾದಸ್ಥರು ಸರಿದು ನಿಲ್ಲುವಂತೆ ಹಿಂದೆ ಸರಿಯಿತು, ಮೈ ನಡುಗತೊಡಗಿತ್ತು, ರೋಗಿಗಳನ್ನು ಎತ್ತಿಳಿಸಿ ಪಳಗಿದ ತೋಳುಗಳು ಅದನ್ನೆತ್ತಿಕೊಂಡವು, ಹೊಸಿಲು, ಮೆಟ್ಟಿಲು, ಅವರ ಹಿಂದೆ ಬಾಗಿಲು ಮುಚ್ಚಿತು, ಅಂಗೈ ಇನ್ನೂ ಚಾಚಿಯೇ ಇದೆ, ನಡುವೆ ಒಂದು ಒದ್ದೆ ಗುರುತು, ಮೂಗಿನಷ್ಟೇ ಅಗಲ, ಮೂಗಿನಷ್ಟೇ ತಣ್ಣಗೆ.