ಬಿರುಕಿನ ಆರು ಚಿತ್ರಗಳು

ಡೆಲ್ಫೀನ್ ಮ್ಯಾಂಡ್ವಿಲ್ ಆ ಬ್ಯಾಟರಿ ತರಿಸಿದ್ದು ಫೆಬ್ರವರಿಯಲ್ಲಿ. ಹಿಮದಾರಿ ಕಚೇರಿಯ ಕ್ಯಾಮೆರಾ ಹನ್ನೆರಡು ವರ್ಷ ಹಳೆಯದು. ಅದರ ಅಸಲಿ ಬ್ಯಾಟರಿ ಮಾಡುವುದನ್ನೇ ಕಂಪನಿಯವರು ನಿಲ್ಲಿಸಿದ್ದರು. ಟಪಾಲಿನಲ್ಲಿ ಬಂದದ್ದು ಬೇರೆ ಯಾರೋ ಮಾಡಿದ್ದು, ಅರ್ಧ ಬೆಲೆಯದು. ಈ ಕ್ಯಾಮೆರಾಕ್ಕೂ ಹೊಂದುತ್ತದೆ ಎಂದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಹೊಂದುವುದೇನೋ ಹೊಂದಿತು. ಗೂಡಿನಲ್ಲಿ ಸರಿಯಾಗಿ ಕೂತಿತು, ಪರದೆ ಬೆಳಗಿತು, ಪೂರ್ತಿ ತುಂಬಿದೆ ಎಂಬ ಗುರುತೂ ಬಂತು. ಒಲೆಯ ಪಕ್ಕ ಕೂತಾಗ ಎಲ್ಲವೂ ಎಲ್ಲಕ್ಕೂ ಹೊಂದುತ್ತದೆ. ಯಾರ ಬಂಡವಾಳ ಎಷ್ಟು ಎಂದು ಗೊತ್ತಾಗುವುದು ಮೈನಸ್ ಮೂವತ್ತರಲ್ಲಿ, ಹೆಪ್ಪುಗಟ್ಟಿದ ಸರೋವರದ ನಡುವೆ ನಿಂತಾಗ.

ನಿಲ್ಲುತ್ತಿದ್ದವನು ಮುದುಕ ಇಸಿಡೋರ್. ಬುಸೊ ಸರೋವರದ ಮೇಲಿನ ನಲವತ್ತು ಕಿಲೋಮೀಟರ್ ಹಿಮದಾರಿಗೆ ಅವನೊಬ್ಬನೇ ಕಾವಲುಗಾರ. ವಾರವಿಡೀ ನಡುಗಡ್ಡೆಯ ಗುಡಿಸಲಿನಲ್ಲಿರುತ್ತಿದ್ದ. ಹನ್ನೆರಡನೆಯ ಕಿಲೋಮೀಟರ್ ಗುರುತಿನ ಬಳಿ ಪ್ರತಿವರ್ಷ ಬಿಡುವ ಬಿರುಕಿನ ಪಕ್ಕ ಕೆಂಪು-ಬಿಳಿ ಪಟ್ಟೆಯ ಕೋಲು ನೆಟ್ಟು, ದಿನಾ ಮಧ್ಯಾಹ್ನ ಒಂದೇ ಜಾಗದಲ್ಲಿ ನಿಂತು ಒಂದು ಫೋಟೊ ತೆಗೆಯುತ್ತಿದ್ದ. ಶನಿವಾರ ಹಿಮಗಾಡಿ ಹತ್ತಿ ಕಚೇರಿಗೆ ಬಂದು, ಚಹಾ ಕುಡಿಯುತ್ತ ಒಂದೊಂದೇ ಚಿತ್ರ ತೋರಿಸಿ ವಿವರಿಸುತ್ತಿದ್ದ. ಭಾನುವಾರ ಆಚೆ ದಡದ ಸೇಂಟ್ ಬ್ಲೇಸ್ ಹಳ್ಳಿಗೆ ಡೀಸೆಲ್ ಟ್ಯಾಂಕರ್ ಬಿಡಬೇಕೋ ಬೇಡವೋ ಎಂದು ಡೆಲ್ಫೀನ್ ಅದರ ಮೇಲೆ ಚೀಟಿ ಬರೆಯುತ್ತಿದ್ದಳು. ಬಿರುಕು ಬೆರಳಗಲಕ್ಕಿಂತ ಕಡಿಮೆ ಇದ್ದು, ಮೂರು ದಿನ ಅಲುಗದೆ ನಿಂತಿದ್ದರೆ ಬಿಡಬಹುದು. ಅದು ನಿಯಮ.

ಹಿಂದಿನ ಶನಿವಾರ ಮುದುಕ ಬ್ಯಾಟರಿಯ ಬಗ್ಗೆ ಚೆನ್ನಾಗಿಯೇ ಕುಟುಕಿದ್ದ.

"ಒಳ್ಳೆ ಸಾಮಾನು ತರಿಸಿದೀಯಮ್ಮ. ಒಂದು ಫೋಟೊ ತೆಗಿಯೋದ್ರೊಳಗೆ ಸತ್ತುಹೋಗುತ್ತೆ. ತೆಗೆದು ಕಂಕುಳಲ್ಲಿ ಇಟ್ಕೊಂಡು ಬಿಸಿ ಮಾಡ್ಬೇಕು, ಆಮೇಲೆ ಹಾಕ್ಬೇಕು. ನನ್ನ ಹೆಂಡ್ತಿನೂ ಇಷ್ಟು ಸೇವೆ ಮಾಡಿಸ್ಕೊಂಡಿಲ್ಲ."

"ಫೋಟೊ ಬರ್ತಿದೆ ತಾನೆ?" ಎಂದಿದ್ದಳು ಡೆಲ್ಫೀನ್.

"ಬರುತ್ತೆ, ಬರುತ್ತೆ. ದಿನವಿಡೀ ನನ್ನ ಅಂಗಿಯೊಳಗೇ ಸಂಸಾರ ಹೂಡಿದೆ ಅದು. ಫೋಟೊ ತೆಗಿಯೋವಾಗ ಮಾತ್ರ ಕ್ಯಾಮೆರಾಕ್ಕೆ ನೆಂಟ."

ಇಬ್ಬರೂ ನಕ್ಕಿದ್ದರು. ಆಮೇಲೆ ಆ ನಗು ನೆನಪಾದಾಗಲೆಲ್ಲ ಡೆಲ್ಫೀನ್‌ಗೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತಿತ್ತು.

ಈ ಶನಿವಾರ ಅವನ ಹಿಮಗಾಡಿ ದಡಕ್ಕೆ ಬಂದದ್ದು ಅಡ್ಡಾದಿಡ್ಡಿಯಾಗಿ. ಮುದುಕ ಹಿಡಿಯ ಮೇಲೆ ಮುಖ ಹಾಕಿ ಮಲಗಿದ್ದ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಬಲಗೈ ನೇತಾಡುತ್ತಿತ್ತು. ಮಾತು ಪೂರ್ತಿ ನಿಂತುಹೋಗಿತ್ತು. ಆಸ್ಪತ್ರೆಯ ವಿಮಾನ ಬರುವವರೆಗೆ ಅವನನ್ನು ಒಲೆಯ ಬಳಿ ಮಲಗಿಸಿದರು. ಅವನು ಎಡಗೈಯಿಂದ ಕ್ಯಾಮೆರಾವನ್ನು ಡೆಲ್ಫೀನ್‌ಳ ಮಡಿಲಿಗೆ ತಳ್ಳಿ, ಅವಳ ಮಣಿಕಟ್ಟು ಹಿಡಿದ. ಬಿಡಲೇ ಇಲ್ಲ. ಗಂಟಲಿನಿಂದ ಏನೋ ಗೊರಗೊರ ಸದ್ದು ಬರುತ್ತಿತ್ತು. ಸಾವಿನ ಭಯ ಪಾಪ ಎಂದುಕೊಂಡು ಅವಳು ಅವನ ತಲೆ ಸವರಿದಳು. ವಿಮಾನಕ್ಕೆ ಹತ್ತಿಸುವಾಗ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಭಾನುವಾರ ಬೆಳಿಗ್ಗೆ ಅವಳ ತಮ್ಮ ಓವಿಡ್ ಟ್ಯಾಂಕರ್ ತಂದು ಕಚೇರಿಯ ಮುಂದೆ ನಿಲ್ಲಿಸಿದ. ಈ ವರ್ಷದ ಕೊನೆಯ ಸಾಗಣೆ ಅದು. ಸೇಂಟ್ ಬ್ಲೇಸ್‌ನಲ್ಲಿ ಒಂಬತ್ತು ದಿನಕ್ಕಾಗುವಷ್ಟು ಡೀಸೆಲ್ ಮಾತ್ರ ಉಳಿದಿತ್ತು. ಇಸಿಡೋರ್‌ನ ಬದಲಿಗೆ ಬರುವವನು ಬುಧವಾರ ಬರುತ್ತಾನಂತೆ. ಬುಧವಾರದ ಹೊತ್ತಿಗೆ ಬಿಸಿಲು ಏರುತ್ತದೆಂದು ಹವಾಮಾನದವರು ಹೇಳಿದ್ದರು.

ಡೆಲ್ಫೀನ್ ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಳು. ಆರು ದಿನ, ಆರು ಚಿತ್ರ. ಕಂಪ್ಯೂಟರು ಎಂದಿನಂತೆ ತಾರೀಕಿನ ಪ್ರಕಾರ ಅವನ್ನು ಸಾಲಾಗಿ ಜೋಡಿಸಿಕೊಟ್ಟಿತು. ಮೊದಲ ಮೂರರಲ್ಲಿ ಬಿರುಕು ಗೇಣಗಲ ಬಾಯಿ ತೆರೆದಿತ್ತು, ಒಳಗೆ ಕಪ್ಪು ನೀರು. ನಾಲ್ಕನೆಯದರಲ್ಲಿ ಬರೀ ಗೆರೆ. ಐದರಲ್ಲೂ ಗೆರೆ, ಆರರಲ್ಲೂ ಅದೇ ಗೆರೆ. ಅವಳು ಉಸಿರು ಬಿಟ್ಟಳು. ಗುರುವಾರದಿಂದ ಹಲ್ಲು ಕಡಕಡಿಸುವ ಚಳಿ ಬಿದ್ದಿತ್ತಲ್ಲ, ಅದೇ ಬಿರುಕನ್ನು ಬೆಸೆದಿದೆ. ಚಳಿ ಬೆಸೆಯುತ್ತದೆ, ನಿಜ. ಏಕಾಏಕಿ ಬಿದ್ದ ಚಳಿ ಮಂಜುಗಡ್ಡೆಯನ್ನು ಎಳೆದು ಸೀಳುತ್ತದೆ, ಅದೂ ನಿಜ. ಎರಡನ್ನೂ ಬಲ್ಲವಳೇ ಅವಳು. ಮನಸ್ಸಿಗೆ ಬೇಕಾದದ್ದು ಕಣ್ಣೆದುರಿಗೇ ಇರುವಾಗ ಇನ್ನೊಂದನ್ನು ಯಾರು ನೆನೆಯುತ್ತಾರೆ? ಚೀಟಿ ಬರೆದು ಸಹಿ ಹಾಕಿದಳು.

"ಹುಷಾರಪ್ಪ. ಬಾಗಿಲು ತೆರೆದೇ ಇರ್ಲಿ. ಬೆಲ್ಟ್ ಹಾಕ್ಬೇಡ, ಮಂಜು ಒಡೆದ್ರೆ ಹಾರೋಕಾಗ್ಬೇಕು."

"ಅಕ್ಕಾ, ಹದಿನಾಲ್ಕು ವರ್ಷದಿಂದ ಇದನ್ನೇ ಹೇಳ್ತಿದೀಯ. ಒಂದ್ ಸಲ ಹೊಸದೇನಾದ್ರೂ ಹೇಳು."

"ಹೊಸದು ಬೇಕಾ? ಮೀಸೆ ಬೋಳಿಸು, ಕರಡಿ ಥರ ಕಾಣ್ತೀಯ."

ಅವನು ಹೋ ಎಂದು ನಕ್ಕು, ಒಣಮಾಂಸದ ಪೊಟ್ಟಣ ಬಗಲಿಗಿಟ್ಟುಕೊಂಡು ಹತ್ತಿದ. ಕೊನೆಯ ಸಾಗಣೆಯ ಒಂದು ಫೋಟೊ ಗೋಡೆಗೆ ಇರಲಿ ಎಂದು ಡೆಲ್ಫೀನ್‌ಗೆ ಆಗ ಹೊಳೆಯಿತು. ಕಾರ್ಡನ್ನು ಮತ್ತೆ ಕ್ಯಾಮೆರಾಕ್ಕೆ ಹಾಕಿ, ರಾತ್ರಿಯಿಡೀ ತುಂಬಿಸಿಟ್ಟಿದ್ದ ಬ್ಯಾಟರಿಯನ್ನು ಗೂಡಿಗೆ ತಳ್ಳಿ ಹೊರಗೆ ಓಡಿದಳು. ಟ್ಯಾಂಕರ್ ಆಗಲೇ ಹೊರಟಿತ್ತು. ತಾರೀಕು ಎಷ್ಟು, ಹೊತ್ತು ಎಷ್ಟು ಎಂದು ಪರದೆ ಏನೇನೋ ಕೇಳಿತು. ಈಗ ಅದಕ್ಕೆಲ್ಲ ಪುರುಸೊತ್ತೆಲ್ಲಿ, ಎಲ್ಲರೂ ಒತ್ತುವ ಗುಂಡಿಯನ್ನೇ ಒತ್ತಿ ಪ್ರಶ್ನೆಯನ್ನು ಅತ್ತ ತಳ್ಳಿದಳು. ಬಿಳಿಯ ಬಯಲಿನ ಮೇಲೆ ಇಳಿಯುತ್ತಿದ್ದ ಹಸಿರು ಟ್ಯಾಂಕರ್ ಚಿತ್ರದಲ್ಲಿ ಚೆನ್ನಾಗಿಯೇ ಬಂತು.

ಒಳಗೆ ಬಂದು ಚಹಾ ಕಾಸಿದಳು, ಲೆಡ್ಜರ್ ಬರೆದಳು. ಆಸ್ಪತ್ರೆಗೆ ಫೋನ್ ಮಾಡಿದಾಗ ಇಸಿಡೋರ್ ಕಣ್ಣು ಬಿಟ್ಟಿದ್ದಾನೆ, ಆದರೆ ಬಹಳ ಗಲಾಟೆ ಮಾಡುತ್ತಾನೆ, ಎಡಗೈಯಿಂದ ಹಾಸಿಗೆ ಗುದ್ದುತ್ತಾನೆ ಎಂದರು. ಮುದುಕನಿಗೆ ಹಟ ಮೊದಲಿನಿಂದಲೂ ಜಾಸ್ತಿ. ನಲವತ್ತು ನಿಮಿಷವಾದ ಮೇಲೆ ಟ್ಯಾಂಕರಿನ ಫೋಟೊ ಮುದ್ರಿಸೋಣ ಎಂದು ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಳು.

ಈಗ ಏಳು ಚಿತ್ರ. ಸಾಲಿನ ಕೊನೆಗೆ ಹೋದಳು. ಅಲ್ಲಿ ಟ್ಯಾಂಕರ್ ಇಲ್ಲ, ಬಿರುಕಿನ ಗೆರೆ ಇತ್ತು. ಇನ್ನೊಮ್ಮೆ ನೋಡಿದಳು. ಟ್ಯಾಂಕರ್ ಸಾಲಿನ ಆ ತುದಿಯಲ್ಲಿತ್ತು, ಎಲ್ಲಕ್ಕಿಂತ ಮೊದಲು, ಗೇಣಗಲದ ಬಿರುಕಿನ ಪಕ್ಕದಲ್ಲಿ. ಅದರ ಕೆಳಗಿನ ತಾರೀಕು ಜನವರಿ ಒಂದು, ಕ್ಯಾಮೆರಾ ಹುಟ್ಟಿದ ವರ್ಷದ್ದು. ಗೇಣಗಲದ ಮೂರು ಚಿತ್ರಗಳ ಕೆಳಗೂ ಅದೇ ಜನವರಿ ಒಂದು.

ಕ್ಯಾಮೆರಾದ ಒಳಗೆ ಗಡಿಯಾರಕ್ಕೆಂದೇ ಒಂದು ಪುಟ್ಟ ಬ್ಯಾಟರಿ ಇರುತ್ತದೆ, ದೊಡ್ಡದರಿಂದಲೇ ಅದಕ್ಕೆ ಊಟ. ದೊಡ್ಡದು ವಾರಗಟ್ಟಲೆ ಇಸಿಡೋರ್‌ನ ಅಂಗಿಯೊಳಗಿತ್ತು. ಪುಟ್ಟದು ಉಪವಾಸ ಬಿದ್ದು, ಗುರುವಾರದ ಚಳಿಗೆ ಪ್ರಾಣ ಬಿಟ್ಟಿತ್ತು. ಅಂದಿನಿಂದ ಪ್ರತಿಸಲವೂ ಕ್ಯಾಮೆರಾ ತಾರೀಕು ಕೇಳಿದೆ, ಮುದುಕ ದಪ್ಪ ಕೈಗವಸಿನಲ್ಲಿ ಅದೇ ಗುಂಡಿ ಒತ್ತಿದ್ದಾನೆ. ಗೆರೆಯಷ್ಟಿದ್ದದ್ದು ಸೋಮವಾರ, ಮಂಗಳವಾರ, ಬುಧವಾರ. ಗೇಣಗಲ ಆದದ್ದು ಗುರುವಾರ, ಶುಕ್ರವಾರ, ನಿನ್ನೆ. ಬಿರುಕು ಮುಚ್ಚಿಕೊಂಡಿರಲಿಲ್ಲ, ಅವಳು ವಾರವನ್ನೇ ತಲೆಕೆಳಗಾಗಿ ಓದಿದ್ದಳು.

ರೇಡಿಯೊ ಕಿತ್ತುಕೊಂಡಳು. "ಓವಿಡ್! ಓವಿಡ್, ಎಲ್ಲಿದೀಯ?"

"ಈಗಷ್ಟೇ ಹನ್ನೊಂದು ದಾಟಿದೆ. ಏನಕ್ಕಾ, ಮೀಸೆ ಬೋಳಿಸ್ದೆನಾ ಅಂತ ಕೇಳೋಕಾ?"

"ಮುಂದೆ ಹೋಗ್ಬೇಡ. ಹನ್ನೆರಡರ ಹತ್ರ ಬಿರುಕು ಬಾಯಿ ಬಿಟ್ಟಿದೆ."

"ಎಲ್ಲಿ? ನಂಗೇನೂ ಕಾಣ್ತಿಲ್ಲ. ಬರೀ ಹಿಮ."

"ಹಿಮ ಕೂತು ಮುಚ್ಚಿರುತ್ತೆ ಕಣೋ! ಇಳಿ!"

ಕ್ಷಣ ಹೊತ್ತು ಎಂಜಿನ್ ಗುರುಗುಟ್ಟುವುದು ಮಾತ್ರ ಕೇಳಿಸಿತು. ತುಂಬಿದ ಟ್ಯಾಂಕರನ್ನು ಮಂಜುಗಡ್ಡೆಯ ಮೇಲೆ ಗಕ್ಕನೆ ನಿಲ್ಲಿಸುವಂತಿಲ್ಲ, ನಿಂತ ಭಾರಕ್ಕೆ ನೆಲವೇ ಕುಸಿಯುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು.

"ಅಕ್ಕಾ, ಅವರ ಡೀಸೆಲ್ಲು..." ಎಂದ ಓವಿಡ್. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ಸುಟ್ಟುಹೋಗ್ಲಿ ಡೀಸೆಲ್ಲು! ಗಾಡಿ ಅದರ ಪಾಡಿಗೆ ಹೋಗ್ಲಿ, ನೀನು ಹಾರು. ನಿನ್ನ ಕಾಲಿಗೆ ಬೀಳ್ತೀನಿ ಕಣೋ, ಹಾರು!"

ಅವಳು ಹೆಸರು ಹಿಡಿದು ಕೂಗಿದಳು, ಕಿರುಚಿದಳು, ಬೇಡಿಕೊಂಡಳು. ರೇಡಿಯೊ ಸುಮ್ಮನೆ ಸುಯ್ಯೆನ್ನುತ್ತಿತ್ತು. ಆಮೇಲೆ ಕಾಲಡಿಯ ಹಲಗೆ ಸಣ್ಣಗೆ ನಡುಗಿತು. ದೂರದಲ್ಲಿ ಮಂಜುಗಡ್ಡೆ ನರಳುತ್ತ ಒಡೆದ ಸದ್ದು ದಡದವರೆಗೂ ಬಂದು ನಿಂತಿತು.

ಇಸಿಡೋರ್‌ನ ಹಿಮಗಾಡಿ ಇನ್ನೂ ಅಡ್ಡಾದಿಡ್ಡಿಯಾಗಿಯೇ ನಿಂತಿತ್ತು. ಅದನ್ನೇ ಹತ್ತಿ ಹೊರಟಳು. ದಾರಿಯುದ್ದಕ್ಕೂ ಟ್ಯಾಂಕರಿನ ಚಕ್ರದ ಗುರುತು ನೇರವಾಗಿ, ನಂಬಿಕೆಯಿಂದ ಮುಂದೆ ಹೋಗಿತ್ತು. ಆ ಗುರುತನ್ನು ನೋಡಲಾರದೆ ಅವಳು ಕಿಲೋಮೀಟರ್ ಗುರುತಿನ ಕಂಬಗಳನ್ನು ನೋಡುತ್ತ ಗಾಡಿ ಓಡಿಸಿದಳು. ಒಂಬತ್ತು, ಹತ್ತು, ಹನ್ನೊಂದು. ಗಾಳಿಯಲ್ಲಿ ಡೀಸೆಲ್ ವಾಸನೆ ಬಂತು. ಮುಂದೆ ಬಯಲಿನ ಬಿಳುಪು ಒಂದು ಕಡೆ ತುಂಡಾಗಿತ್ತು. ಅಲ್ಲಿ ಕಪ್ಪು ನೀರು ಹೊಗೆಯಾಡುತ್ತಿತ್ತು. ಟ್ಯಾಂಕರ್ ಎಲ್ಲೂ ಇರಲಿಲ್ಲ.

ನೀರಿನಿಂದ ಇನ್ನೂರು ಹೆಜ್ಜೆ ಈಚೆಗೆ ಓವಿಡ್ ಹಿಮದ ಮೇಲೆ ಕಾಲು ಚಾಚಿ ಕೂತಿದ್ದ. ಒಂದು ಮೊಣಕಾಲನ್ನು ಎರಡೂ ಕೈಯಿಂದ ಅಮುಕಿ ಹಿಡಿದಿದ್ದ. ಹುಬ್ಬು, ಮೀಸೆಯ ಮೇಲೆಲ್ಲ ಹಿಮ ಕೂತಿತ್ತು. ಡೆಲ್ಫೀನ್ ಗಾಡಿಯಿಂದ ಬಿದ್ದಂತೆ ಇಳಿದು ಅವನನ್ನು ತಬ್ಬಿಕೊಂಡಳು. ಅವನು ತಬ್ಬಲಿಲ್ಲ. ಅಕ್ಕನ ಭುಜದ ಮೇಲಿಂದ ನೀರನ್ನೇ ನೋಡುತ್ತಿದ್ದ.

ಕಣ್ಣು ತಿರುಗಿಸದೆಯೇ ಕೇಳಿದ. "ಚೀಟಿ ಬರೆಯೋ ಮುಂಚೆ ಫೋಟೊ ನೋಡಿದ್ದೆ ತಾನೆ, ಅಕ್ಕಾ?"

"ನೋಡಿದ್ದೆ," ಎಂದಳು ಡೆಲ್ಫೀನ್.