ಮಡಿಬಾವಿ ನೀರು, ಮುಂಬೈ ಮೀನು

"ಇವನ್ನ ಇವತ್ತ ಕೆರಿಗೆ ಬಿಟ್ಟು ಬಾ," ಎಂದರು ಗೋಪಿಕಾಬಾಯಿ, ಮೀನಿನ ಗಾಜಿನ ತೊಟ್ಟಿಯಿಂದ ಮಾರು ದೂರ ನಿಂತು. "ಒಂದು ಸತ್ತದ್ದು ಸಾಕು. ಉಳಿದ ಮೂರೂ ನಿನ್ನ ಕೈಯಾಗ ಸಾಯೂದು ಬ್ಯಾಡ."

"ಬಿಡಂಗಿಲ್ಲರಿ," ಎಂದಳು ಸೊಸೆ ಇಂದಿರಾಬಾಯಿ.

ಹಾನಗಲ್ಲಿನ ಆ ಮನೆಯಲ್ಲಿ ಗೋಪಿಕಾಬಾಯಿಯ ಮಾತಿಗೆ ಇಲ್ಲ ಎಂದವರು ಅದುವರೆಗೆ ಯಾರೂ ಇರಲಿಲ್ಲ. ಮಗ ಪ್ರಹ್ಲಾದ ಮಾಮಲೇದಾರ ಕಚೇರಿಯಲ್ಲಿ ಕಾರಕೂನ. ಸಾಹೇಬರು ತಪ್ಪು ಹೇಳಿದರೆ ಅವನು ಒಮ್ಮೆ ಕೆಮ್ಮಿಯಾದರೂ ತೋರಿಸುತ್ತಿದ್ದ. ತಾಯಿಯ ಮುಂದೆ ಆ ಕೆಮ್ಮೂ ಬರುತ್ತಿರಲಿಲ್ಲ. ಈಗ ಅವನು ಊಟದ ಎಲೆಯ ಮುಂದೆ ಕುಳಿತು ಹುಳಿಯನ್ನವನ್ನು ಬಹಳ ಶ್ರದ್ಧೆಯಿಂದ ಕಲಸತೊಡಗಿದ.

ಮೀನುಗಳು ಇಂದಿರಾಬಾಯಿಯ ತಂದೆ ಕೊಟ್ಟವು. ಅವರು ಮುಂಬೈಯಲ್ಲಿ ಒಬ್ಬ ಪಾರ್ಸಿ ಸಾಹೇಬರ ಗುಮಾಸ್ತರು, ಆ ಸಾಹೇಬರಿಗೆ ಹಡಗಿನಲ್ಲಿ ಮೀನು ತರಿಸಿ ಸಾಕುವ ಹುಚ್ಚು. ಎರಡನೆಯ ಕೂಸನ್ನೂ ಕಳೆದುಕೊಂಡ ಮಗಳು ಗೋಡೆ ನೋಡುತ್ತ ಕೂತಿರುತ್ತಾಳೆಂದು ಕೇಳಿ, ಅವರು ಸಾಹೇಬರಲ್ಲಿ ನಾಲ್ಕು ಮೀನು ಬೇಡಿಕೊಂಡು, ಹಾಲಿನ ಕ್ಯಾನಿನಲ್ಲಿ ಹಾಕಿ, ಹಾವೇರಿಯವರೆಗೆ ರೈಲಿನಲ್ಲೂ ಅಲ್ಲಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೂ ತಂದಿದ್ದರು. ಅಂಗೈಯಷ್ಟು ದುಂಡಗೆ, ಚಪ್ಪಟೆಯಾಗಿ, ಅರಿಸಿನ ಬಣ್ಣದ ಮೈಮೇಲೆ ನೀಲಿ ಗೆರೆ ಬರೆಸಿಕೊಂಡ ಮೀನು. ಡಿಸ್ಕಸ್ ಎಂದು ಅದರ ಹೆಸರು. ಓಣಿಯವರು ಬಿಲ್ಲೆಮೀನು ಎಂದು ಕರೆದು ಮುಗಿಸಿದರು.

"ನೀರಿಂದೇ ಕಾಳಜಿ ಇರಲಿ ತಾಯೀ," ಎಂದಿದ್ದರು ತಂದೆ. "ಇವು ತಿಂದು ಮಾಡಿದ ಹೊಲಸು ಕಡೀಕ ಒಂದು ಥರಾ ಉಪ್ಪಾಗಿ ನೀರಾಗ ಕೂಡ್ತದ, ಕಣ್ಣಿಗೆ ಕಾಣಂಗಿಲ್ಲ. ಸಾಹೇಬರು ಅದಕ್ಕ ನೈಟ್ರೇಟ್ ಅಂತಾರ. ಒಂದಿಷ್ಟು ಹಳೇ ನೀರು ತಗದು ಹೊಸಾದು ಹಾಕ್ತಿರಬೇಕು. ಇಲ್ಲಾಂದ್ರ ಇವು ಬಾಳಂಗಿಲ್ಲ."

ಅದನ್ನು ಅವಳು ವ್ರತದಂತೆ ಹಿಡಿದಿದ್ದಳು. ರಬ್ಬರ್ ನಳಿಗೆಯಿಂದ ತಳದ ಗಲೀಜು ಎಳೆಯುವುದು, ಹಿತ್ತಲ ಮಡಿಬಾವಿಯಿಂದ ಹೊಸ ನೀರು ಸೇದಿ ಬಿಸಿಲಿಗಿಟ್ಟು ಸುರಿಯುವುದು. ಏಕಾದಶಿಗೆ ಬಂದ ಹೆಂಗಸರು ಮತ್ಸ್ಯಾವತಾರವೆಂದು ಕೈಮುಗಿದು ಅವಲಕ್ಕಿ ಉದುರಿಸಿದರೆ, "ಅವಲಕ್ಕಿ ನಿಮ್ಮ ಮನ್ಯಾಗ ತಿನ್ರಿ, ಇಲ್ಲಿ ನೀರು ಕೆಡ್ತದ," ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದಳು. ಪುಣ್ಯಕ್ಕೆ ಅಡ್ಡ ಬಂದವಳೆಂದು ಓಣಿಯಲ್ಲಿ ಹೆಸರಾಯಿತು. ಆಗಲಿ ಎಂದುಕೊಂಡಳು, ಅದಕ್ಕಿಂತ ಕೆಟ್ಟ ಹೆಸರು ಅವಳಿಗೆ ಮೊದಲೇ ಬಂದಿತ್ತು.

ಅದು ಕೈಗುಣದ್ದು. ಎರಡೂ ಬಾಣಂತನದಲ್ಲಿ ಅವಳ ಎದೆಹಾಲು ಬೇಗ ಬತ್ತಿತ್ತು. ಆಕಳ ಹಾಲಿಗೆ ನೀರು ಬೆರೆಸಿ ಕುಡಿಸಿದರು. ಎರಡೂ ಕೂಸುಗಳು ಮೊದಲು ಚೆನ್ನಾಗಿಯೇ ಇದ್ದು, ಆಮೇಲೆ ತುಟಿ ನೀಲಿಯಾಗಿ, ಉಗುರು ನೀಲಿಯಾಗಿ, ಅಳುವ ಶಕ್ತಿಯೂ ಇಲ್ಲದೆ ಹೋದವು. ಡಾಕ್ಟರರು ಎದೆಯ ದೋಷವೆಂದರು. ಮನೆಯವರು ಅವಳ ಕೈಯಲ್ಲಿ ಜೀವ ನಿಲ್ಲುವುದಿಲ್ಲ ಎಂದರು. ಈಗ ಅವಳಿಗೆ ಮತ್ತೆ ಏಳು ತಿಂಗಳು. ಗೋಪಿಕಾಬಾಯಿ ಆಗಲೇ ತೀರ್ಮಾನ ಮಾಡಿ ಆಗಿತ್ತು: ಹುಟ್ಟಿದ ಕೂಡಲೇ ಕೂಸು ಸವಣೂರಿಗೆ, ತಮ್ಮ ಮಗಳು ತುಂಗಾಬಾಯಿಯ ಮಡಿಲಿಗೆ. ತುಂಗಾಬಾಯಿಯ ಮಕ್ಕಳೆಲ್ಲ ಕಲ್ಲುಗುಂಡಿನಂತೆ ಓಡಾಡಿಕೊಂಡಿದ್ದವಲ್ಲ.

ಕೂಸನ್ನು ಕೊಡುವುದಿಲ್ಲವೆಂದು ಇಂದಿರಾಬಾಯಿ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು. ಆದರೆ ಕೊಡುವುದಿಲ್ಲ ಎನ್ನಲು ಬಾಯಲ್ಲಿ ಒಂದು ಮಾತಾದರೂ ಬೇಕಷ್ಟೆ. ಮೀನಾದರೂ ನನ್ನ ಕೈಯಲ್ಲಿ ಬದುಕಿವೆ ಎನ್ನುವ ಆ ಮಾತು, ಇವೂ ಸತ್ತರೆ ಹೋಗುತ್ತದೆ. ಹಾಗಾಗಿ ಅವಳಿಗೆ ಆ ಮೂರು ಮೀನು ಬದುಕಲೇಬೇಕಿತ್ತು.

ಅವೋ, ನೀರು ಬದಲಿಸಿದಷ್ಟೂ ಕಪ್ಪಾಗುತ್ತಿದ್ದವು. ಮೂಲೆಗೆ ಮುಖ ಮಾಡಿ ನಿಲ್ಲುತ್ತಿದ್ದವು. ಹುಳ ಹಾಕಿದರೆ ಬಾಯಿಗೆ ತೆಗೆದುಕೊಂಡು ಉಗುಳುತ್ತಿದ್ದವು. ನೀರು ಸಾಲದೇನೋ ಎಂದು ಅವಳು ದಿನಾಲೂ ಬದಲಿಸಿದಳು, ಆಮೇಲೆ ಎರಡು ಹೊತ್ತೂ ಬದಲಿಸಿದಳು. ಬಸುರಿ ಹೆಂಗಸಿನ ಸೊಂಟ ಬಿದ್ದುಹೋಯಿತೇ ಹೊರತು ಮೀನಿನ ಬಣ್ಣ ಬರಲಿಲ್ಲ. ತೆಗೆದ ನೀರನ್ನು ಸುರಿಯುತ್ತಿದ್ದ ಬದನೆಗಿಡಗಳು ಮಾತ್ರ ಮದ ಬಂದವರ ಹಾಗೆ ಬೆಳೆದವು.

ಒಂದು ದಿನ ಜನ್ನತಬಿ ಹಿತ್ತಲಿಗೆ ಬಂದಳು. ಅವಳ ಗಂಡ ಶೇಖಸಾಬ ಹಬ್ಬಹುಣ್ಣಿಮೆಗೆ ಬಾಣಬಿರುಸು ಮಾಡುವವನು. ದನದ ಕೊಟ್ಟಿಗೆಯ ಹಳೆಯ ಗೋಡೆಯ ಬುಡದಲ್ಲಿ ಬಿಳಿಯ ಹುಡಿ ಉಕ್ಕುತ್ತದೆ. ಅದನ್ನು ಕೆರೆದು ಬುಟ್ಟಿಯಲ್ಲಿ ಒಯ್ಯುವುದು ಜನ್ನತಬಿಯ ಕೆಲಸ. ಗೋಡೆ ಚೊಕ್ಕವಾಗುತ್ತದೆಂದು ಗೋಪಿಕಾಬಾಯಿಯೂ ಅಡ್ಡಿ ಮಾಡುತ್ತಿರಲಿಲ್ಲ.

"ಏನು ಮಾಡ್ತೀರಿ ಇದನ್ನ ಒಯ್ದು?" ಎಂದು ಕೇಳಿದಳು ಇಂದಿರಾಬಾಯಿ, ಕೊಡ ಇಳಿಸಿ ಬಾವಿಯ ಕಟ್ಟೆಗೆ ಒರಗುತ್ತ.

"ಸೋರಾ ಉಪ್ಪು ತಗಿತೇವ್ರಿ ಬಾಯಾರ. ದನದ ಉಚ್ಚಿ ಇಂಗಿದ ಮಣ್ಣಾಗ ಆಕ್ಕೈತಿ. ಮದ್ದಿಗೆ ಉರಿ ಕೊಡೂದ ಇದು. ನೂಲು ಇದರ ನೀರಾಗ ಅದ್ದಿ ಒಣಗಿಸಿದ್ರ ಬತ್ತಿ ಆತು, ಕಿಡಿ ತಾಗಿಸಿದ್ರ ಸುರ್ ಅಂತ ಓಡತೈತಿ." ಜನ್ನತಬಿ ಬದನೆಗಿಡದ ಕಡೆ ನೋಡಿ ನಕ್ಕಳು. "ಗಿಡಕ್ಕೂ ಭಾರೀ ಚಲೋರಿ. ನಿಮ್ಮ ಬದನಿ ಹ್ಯಾಂಗ ಸೊಕ್ಕ್ಯಾವು ನೋಡ್ರಿ. ಸೋರಾ ಏನರ ಹಾಕೀರೇನು?"

"ಇಲ್ಲ. ಬರೇ ನೀರು ಹಾಕೇನಿ," ಎಂದಳು ಇಂದಿರಾಬಾಯಿ. ಅಂದವಳು ಗೋಡೆ ನೋಡಿದಳು, ಗೋಡೆಗೆ ತಾಗಿದ ಬಾವಿ ನೋಡಿದಳು. ಆ ಬಾವಿಯ ಹೆಚ್ಚುಗಾರಿಕೆಯೇ ಅದು: ಗೋವಿನ ಮಗ್ಗುಲ ಬಾವಿ, ಬೇರೆಯವರ ಕೊಡ ಇಳಿಯದ ಬಾವಿ, ಮೂರು ತಲೆಮಾರಿನ ದೇವರ ನೀರು. ದನದ ಹೊಲಸಿನ ಈ ಉಪ್ಪು, ಅಪ್ಪ ಹೇಳಿದ ಮೀನಿನ ಹೊಲಸಿನ ಉಪ್ಪು, ಎರಡೂ ಒಂದೇ ಆಗಿದ್ದು ಬಾವಿಗೂ ಇಳಿದಿದ್ದರೆ?

ಹೂಬತ್ತಿ ಹೊಸೆಯುವುದು ಅವಳ ದಿನದ ಕೆಲಸ. ಮರುದಿನ ಒಂದು ಕೊಡ ಬಾವಿ ನೀರನ್ನು ಒಲೆಯ ಮೇಲಿಟ್ಟು ಬಟ್ಟಲಿನಷ್ಟಾಗುವವರೆಗೆ ಬತ್ತಿಸಿದಳು. ಅದರಲ್ಲಿ ಬತ್ತಿ ಅದ್ದಿ ಬಿಸಿಲಿಗಿಟ್ಟಳು. ಒಣಗಿದ ಮೇಲೆ ಮತ್ತೆ ಅದ್ದಿ ಮತ್ತೆ ಒಣಗಿಸಿದಳು. ಪಕ್ಕದ ಓಣಿಯ ಒಕ್ಕಲಿಗರ ಸಾವಂತ್ರವ್ವನ ಮನೆಯಿಂದ ಅತ್ತೆಗೆ ಗೊತ್ತಾಗದಂತೆ ಒಂದು ಕೊಡ ತರಿಸಿ ಆ ನೀರಿಗೂ ಹಾಗೆಯೇ ಮಾಡಿದಳು. ಆಮೇಲೆ ಎರಡಕ್ಕೂ ಕೆಂಡ ತಾಗಿಸಿದಳು. ಸಾವಂತ್ರವ್ವನ ನೀರಿನ ಬತ್ತಿ ಹೊಗೆಯಾಡಿ ಕಂದಿತು. ಮಡಿಬಾವಿಯ ಬತ್ತಿ ಸುರ್ರೆಂದು ಕಿಡಿ ಕಾರುತ್ತ ತುದಿಯವರೆಗೆ ಓಡಿತು.

ಇಂದಿರಾಬಾಯಿಗೆ ಮೊದಲು ನಗು ಬಂತು. ತೊಟ್ಟಿಯ ಉಪ್ಪು ಕಳೆಯಲೆಂದು ಅವಳು ಇಷ್ಟು ದಿನ ಉಪ್ಪನ್ನೇ ಕೊಡಗಟ್ಟಲೆ ಸುರಿದಿದ್ದಳು! ನಗುತ್ತಿದ್ದಂತೆಯೇ ಮುಂದಿದ್ದ ಪಾತ್ರೆಯನ್ನು ನೋಡಿದಳು. ಕೂಸುಗಳ ಹಾಲಿಗೆ ಬೆರೆಸುವ ನೀರನ್ನು ಬತ್ತಿಸುತ್ತಿದ್ದದ್ದು ಇದೇ ಪಾತ್ರೆಯಲ್ಲಿ, ಇದೇ ಒಲೆಯ ಮೇಲೆ. ಎಳೆಗೂಸಿಗೆ ಹಸಿನೀರು ಆಗದೆಂದು ಗೋಪಿಕಾಬಾಯಿ ತಾವೇ ಮಡಿಯಲ್ಲಿ ಕುಳಿತು, ಬೇರೆ ಯಾರನ್ನೂ ಮುಟ್ಟಗೊಡದೆ, ನೀರನ್ನು ಅರ್ಧಕ್ಕಿಳಿಸುತ್ತಿದ್ದರು. ನೀರು ಅರ್ಧಕ್ಕಿಳಿದರೆ ಉಪ್ಪು ಇಳಿಯುತ್ತದೆಯೇ? ಅಷ್ಟೂ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ; ದೊಡ್ಡವರು ತಡೆದುಕೊಂಡ ಆ ಉಪ್ಪನ್ನು ಎದೆಹಾಲಿಲ್ಲದ ಎಳೆಗೂಸು ತಡೆದೀತೇ? ಅವಳು ಅಲ್ಲೇ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ತನ್ನ ಕೈಯ ಮೇಲೆ ಹೊತ್ತುಕೊಂಡು ತಿರುಗಿದ ಮಾತಿಗಾಗಿ ಅತ್ತಳು, ಆಮೇಲೆ ಮಕ್ಕಳಿಗಾಗಿ ಅತ್ತಳು. ಅತ್ತು ಮುಗಿಸಿ ಎದ್ದಾಗ ಅವಳಿಗೆ ಸಿಟ್ಟೊಂದೇ ಉಳಿದಿತ್ತು.

ಮರುದಿನ ಹಾಡುಹಗಲಲ್ಲಿ, ತುಂಬಿದ ಬಸುರಿ, ಕೊಡ ಹಿಡಿದು ಒಕ್ಕಲಿಗರ ಓಣಿಗೆ ಹೋದಳು.

"ಅಯ್ಯ, ನೀವ್ಯಾಕ ಬರಾಕ ಹೋದ್ರಿ ಬಾಯಾರ!" ಸಾವಂತ್ರವ್ವ ಗಾಬರಿಯಾಗಿ ಕೊಡ ಕಸಿದುಕೊಂಡಳು. "ನಿಮ್ಮತ್ತಿಯಾರು ಬೈಯೂದಿಲ್ಲೇನ್ರಿ?"

"ಬೈತಾರ. ಬೈದ್ರ ನೀರೇನು ಕೆಡಂಗಿಲ್ಲ."

ಸಾವಂತ್ರವ್ವ ನಗುತ್ತ ನೀರು ಸೇದಿ, ತಾನೇ ಹೊತ್ತುಕೊಂಡು ಬಂದು ಜಗಲಿಯ ಅಂಚಿಗೆ ಇಳಿಸಿದಳು. ಗೋಪಿಕಾಬಾಯಿ ಬೈದರು. ಶೂದ್ರರ ಬಾವಿಯ ನೀರು ಹೊಸ್ತಿಲು ದಾಟಬಾರದೆಂದರು. ಸರಿ, ದಾಟುವುದು ಬೇಡವೆಂದು ಇಂದಿರಾಬಾಯಿ ತೊಟ್ಟಿಯನ್ನೇ ಜಗಲಿಗೆ ತರಿಸಿಟ್ಟುಕೊಂಡಳು. ಒಮ್ಮೆಲೇ ಸುರಿಯದೆ, ದಿನಕ್ಕಿಷ್ಟು ಹಳೆಯದನ್ನು ತೆಗೆದು ಇಷ್ಟು ಹೊಸದನ್ನು ಬೆರೆಸಿದಳು. ಬದನೆಗಿಡ ತಿನ್ನುವ ಉಪ್ಪನ್ನು ನೀರಗಿಡ ಬಿಟ್ಟೀತೇ ಎಂದು ಕೆರೆಯಿಂದ ಪಾಚಿಗಿಡ ತರಿಸಿ ನೆಟ್ಟಳು. ಅದು ಹಬ್ಬಿದಂತೆಲ್ಲ ಕಿತ್ತು ಎಸೆದಳು. ಹುಳ ಹಾಕುವುದನ್ನು ಕಡಿಮೆ ಮಾಡಿದಳು.

ಒಂದು ಬೆಳಿಗ್ಗೆ ಮೀನು ಮೂಲೆ ಬಿಟ್ಟು ನಡುವೆ ಬಂದಿದ್ದವು. ಹುಳ ಹಾಕಿದರೆ ಉಗುಳದೆ ನುಂಗಿದವು. ಕೆಲವೇ ದಿನಗಳಲ್ಲಿ ಅರಿಸಿನ ಬಣ್ಣ ಮರಳಿತು, ನೀಲಿ ಗೆರೆ ಒಂದೊಂದಾಗಿ ಎದ್ದು ಕಂಡವು. ಮೂರೂ ಉಳಿದವು. ಗೋಪಿಕಾಬಾಯಿ ದಿನಾ ಜಗಲಿಗೆ ಬಂದು, ದೂರ ನಿಂತು ನೋಡಿ ಒಳಗೆ ಹೋಗುತ್ತಿದ್ದರು.

ಆದರೆ ಸವಣೂರಿನಿಂದ ತುಂಗಾಬಾಯಿ ಬಂದೇ ಬಂದಳು. ಹುಟ್ಟಲಿರುವ ಕೂಸಿಗೆಂದು ಹೊಲಿದ ಪುಟ್ಟ ಅಂಗಿಗಳನ್ನು ಪಡಸಾಲೆಯಲ್ಲಿ ಹರವಿ, "ನೀ ಏನೂ ಮನಸ್ಸಿಗೆ ಹಚ್ಕೋಬ್ಯಾಡ ಇಂದಿರಾ, ನನ್ನ ಮಕ್ಕಳ ಜೋಡಿ ಬೆಳೀತದ," ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು, ಅದೇ ಹೆಚ್ಚು ಉರಿಯಿತು.

ಇಂದಿರಾಬಾಯಿ ಎದ್ದು ಹಿತ್ತಲಿಗೆ ನಡೆದಳು. ಬಾವಿಯ ರಾಟೆಯನ್ನು ಕೊಕ್ಕೆಯಿಂದ ಬಿಚ್ಚಿದಳು. ಎಲ್ಲರೂ ಬಾಗಿಲಿಗೆ ಬಂದು ನೋಡುತ್ತಿರುವಂತೆಯೇ ರಾಟೆ, ಹಗ್ಗ, ತಾಮ್ರದ ಮಡಿಕೊಡ ಮೂರನ್ನೂ ಬಾವಿಗೆ ಎತ್ತಿಹಾಕಿದಳು. ಸದ್ದು ಓಣಿಗೆಲ್ಲ ಕೇಳಿತು.

"ಹುಚ್ಚು ಹಿಡಿದದೇನು ಇಕಿಗೆ!" ಎಂದಳು ತುಂಗಾಬಾಯಿ.

"ಈ ನೀರಾಗ ಮೀನು ಬದುಕಲಿಲ್ಲ, ನನ್ನ ಕೂಸುಗಳೂ ಬದುಕಲಿಲ್ಲ. ನಿಮ್ಮ ಮಕ್ಕಳು ಬದುಕಿದ್ದು ಸವಣೂರ ನೀರು ಕುಡದು. ಕೈಗುಣಾ ಅಲ್ಲ, ಇದು ಬಾವಿ ಗುಣಾ. ಈ ಕೂಸು ನನ್ನ ಕೈಯಾಗ ಬೆಳೀತದ. ಯಾರಿಗೂ ಕೊಡಂಗಿಲ್ಲ."

ಗೋಪಿಕಾಬಾಯಿ ಮಗನ ಕಡೆ ತಿರುಗಿದರು. "ಪ್ರಹ್ಲಾದಾ, ಹೊಸಾ ಹಗ್ಗ, ರಾಟಿ ತೊಗೊಂಡು ಬಾ."

ಪ್ರಹ್ಲಾದ ಹಿಂದಿನ ದಿನ ಹೆಂಡತಿ ಹಚ್ಚಿ ತೋರಿಸಿದ ಬತ್ತಿಯನ್ನು ನೋಡಿದ್ದ. ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲ. ಅವನು ಕೆಮ್ಮಿದ. ಆಮೇಲೆ, "ತರಂಗಿಲ್ಲವ್ವಾ," ಎಂದು ಹೇಳಿ, ಅಡಿಗೆಮನೆಯ ಖಾಲಿ ಕೊಡ ಹೆಗಲಿಗೇರಿಸಿಕೊಂಡು, ಕಚೇರಿಯ ಕೋಟಿನಲ್ಲೇ ಒಕ್ಕಲಿಗರ ಓಣಿಯ ಕಡೆ ಹೊರಟ.

ಸಂಜೆ ಇಂದಿರಾಬಾಯಿ ಜಗಲಿಯಲ್ಲಿ ನಳಿಗೆ ಹಿಡಿದು ತೊಟ್ಟಿಯ ತಳ ತೆಗೆಯುತ್ತಿದ್ದಳು. ಮಗನಿಂದ ಬತ್ತಿಯ ಸಂಗತಿ ಕೇಳಿ ತಿಳಿದ ಗೋಪಿಕಾಬಾಯಿ ಬಂದು, ಮೊದಲ ಸಲ ದೂರ ನಿಲ್ಲದೆ, ಪಕ್ಕದಲ್ಲೇ ಕುಳಿತರು.

"ಆ ಕೂಸುಗಳಿಗೆ ನೀರು ಕಾಸಿದಾಕಿ ನಾನು," ಎಂದರು.

"ಹೌದರಿ ಅತ್ಯಾ."

"ನಿನಗ ಅದು ಮೊದಲಿಂದ ಗೊತ್ತದ. ಬತ್ತಿ ಸುಟ್ಟ ದಿನದಿಂದ. ತುಂಗಾನ ಮುಂದೂ ಅನ್ನಲಿಲ್ಲ, ಪ್ರಹ್ಲಾದನ ಮುಂದೂ ಅನ್ನಲಿಲ್ಲ. ಬಾವಿ ಅಂದಿ. ನನ್ನ ಕೈ ಅನ್ನಲಿಲ್ಲ. ಯಾಕ?"

ಇಂದಿರಾಬಾಯಿ ನಳಿಗೆಯ ಬಾಯಿ ಹಿಡಿದು ನೀರು ನಿಲ್ಲಿಸಿದಳು. ಅನ್ನಬೇಕೆಂದು ಎಷ್ಟೋ ಸಲ ನಾಲಿಗೆ ತುದಿಗೆ ಬಂದಿತ್ತು. ಇವತ್ತು ಬಾವಿಯ ಕಟ್ಟೆಯ ಮೇಲೆ ನಿಂತಾಗಲೂ ಬಂದಿತ್ತು.

"ಆ ಮಾತು ಹೊತ್ತುಕೊಂಡು ತಿರಗೂದು ಹ್ಯಾಂಗಿರ್ತದ ಅಂತ ನನಗ ಗೊತ್ತದರಿ," ಎಂದಳು. "ಆದ್ರ ಕೂಸು ಮಾತ್ರ ಸವಣೂರಿಗೆ ಹೋಗಂಗಿಲ್ಲ. ಅದರಾಗ ನಿಮ್ಮ ಮಾತೂ ಕೇಳಂಗಿಲ್ಲ."

ಗೋಪಿಕಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಎದ್ದು ನಿಂತು ಒಳಗೆ ನೋಡಿ, ಎಂದಿನ ಗಟ್ಟಿ ದನಿಯಲ್ಲೇ ಕೂಗಿದರು.

"ತುಂಗಾ, ನಾಳೆ ಹೋಗೂ ಮುಂದ ಆ ಅಂಗಿ ಎಲ್ಲಾ ಇಲ್ಲೇ ಬಿಟ್ಟು ಹೋಗು."