ಭಾವನ ಪೆಟ್ಟಿಗೆಯ ಸೊನ್ನೆ

ಇದು ನಡೆದದ್ದು. ನಾನು ಸೇರಿಸಿದ್ದು ಚಿಟಿಕೆ ಉಪ್ಪು ಮಾತ್ರ, ಮರಳೆಲ್ಲ ಭಾವನದೇ. ಅಲ್ಲೇ ಸಹಾಯಕನಾಗಿದ್ದ ಭಾಮೈದ ಹಾಗೆ ಕರೆಯುವುದನ್ನು ಕೇಳಿ ಕೇಳಿ ಪ್ರಯೋಗಾಲಯದವರಿಗೆಲ್ಲ ಅವರು ಭಾವ.

ಮಣ್ಣಿನೊಳಗಿನ ಬೀಜಕ್ಕೆ ಎಷ್ಟು ಆಳದವರೆಗೆ ಬೆಳಕು ಮುಟ್ಟುತ್ತದೆಂದು ಅಳೆಯುವುದು ಅವರ ಕೆಲಸ. ಕಪ್ಪು ಪೆಟ್ಟಿಗೆಯ ಮೇಲೊಂದು ದೀಪ, ನಡುವೆ ಗಾಜಿನ ತಟ್ಟೆಯಲ್ಲಿ ಮರಳು, ಕೆಳಗೆ ಬೆಳಕಿನ ಮೀಟರು. ಅಂಕಿ ಕಾಣುವುದು ಹೊರಗೆ, ಬಟ್ಟೆ ಹೊದಿಸಿದ ಪುಟ್ಟ ಪರದೆಯಲ್ಲಿ. ಮರಳು ಏರಿದಂತೆ ಅಂಕಿ ಇಳಿದು ಸೊನ್ನೆಯಾಗಬೇಕು. ಆಗುತ್ತಿರಲಿಲ್ಲ, ಮೂರಕ್ಕೆ ಬಂದು ಕೂತುಬಿಡುತ್ತಿತ್ತು. "ಸಂಜೆಯೊಳಗೆ ಸೊನ್ನೆ ತೋರಿಸಿ, ಇಲ್ಲಾಂದ್ರೆ ಕೋಣೆ ಖಾಲಿ ಮಾಡಿ" ಎಂದಿದ್ದರು ಮುಖ್ಯಸ್ಥರು.

ಭಾವ ಕಿಟಕಿಗೆ, ಬಾಗಿಲ ಸಂದಿಗೆ, ಬೀಗದ ಕಣ್ಣಿಗೆ ಕಪ್ಪು ಟೇಪು ಮೆತ್ತಿ ಟೀ ಕುಡಿಯಲು ಹೋದರು. ಭಾಮೈದ ತನ್ನ ಮಗಳ ಕೋಣೆಯಿಂದ ಕಿತ್ತು ತಂದಿದ್ದ, ಕತ್ತಲಲ್ಲಿ ಹೊಳೆಯುವ ನಕ್ಷತ್ರದ ಸ್ಟಿಕರನ್ನು ಮೀಟರಿನ ಪಕ್ಕ ಅಂಟಿಸಿದ.

ಅಂಕಿ ಮೂವತ್ತಾಯಿತು. ವಾಪಸು ಬಂದ ಭಾವ ಬಾಗಿಲಿಗೆ ಮತ್ತೆ ಟೇಪು ಮೆತ್ತಿ ಮರಳು ಸುರಿದರು. ಮೂವತ್ತೇ. ಬಿಳಿ ಅಂಗಿಯ ಮೇಲೆ ಅನುಮಾನ ಬಂದು ಅದರ ಮೇಲೆ ಕಪ್ಪು ಕೋಟು ಹಾಕಿದರು.

"ಎಷ್ಟು ಮರಳು ಹಾಕಿದ್ರೂ ಇಳೀತಿಲ್ವಲ್ಲೋ."

"ಮರಳಿಗೇ ಮರುಳು ಹಿಡ್ದಿರ್ಬೇಕು ಭಾವ." ಆಮೇಲೆ ಮುಖ್ಯಸ್ಥರ ಮೂಗುದನಿ ತೆಗೆದ: "ಏನ್ರೀ, ಸೊನ್ನೆ ಹುಟ್ಟಿತಾ?"

"ಹೊಟ್ಟೆ ಉರಿಸ್ಬೇಡ."

ದಿಕ್ಕು ತೋಚದೆ ಭಾವ ದೀಪವನ್ನೇ ಆರಿಸಿದರು. ಮತ್ತೆ ಹದಕ್ಕೆ ಬರಲು ಬಹಳ ಹೊತ್ತು ಬೇಕೆಂದು ಅಳೆಯುವಾಗ ಅದನ್ನು ಎಂದೂ ಆರಿಸಿದವರಲ್ಲ. ಅಂಕಿ ಕದಲಲಿಲ್ಲ.

"ದೀಪಾನೇ ಇಲ್ಲ. ಹಾಗಾದ್ರೆ ಇಷ್ಟು ದಿನ ನಾನು ಅಳ್ದಿದ್ದೇನು?"

ಭಾಮೈದನಿಗೆ ಪಾಪ ಅನ್ನಿಸಿತು. ಪೆಟ್ಟಿಗೆಯ ಕೆಳಬಾಗಿಲೊಳಗೆ ಕೈ ತೂರಿಸಿ ನಕ್ಷತ್ರ ಕಿತ್ತು ಕೊಟ್ಟ. "ತಮಾಷೆಗೆ, ಭಾವ."

ಅಂಕಿ ಇಳಿಯಿತು. ಮೂರರಲ್ಲಿ ನಿಂತಿತು.

"ಇನ್ನೊಂದು ಎಲ್ಲಿ ಅಂಟಿಸ್ದೆ?"

"ನಿಮ್ಮಾಣೆ, ಒಂದೇ." ಈಗ ತಲೆ ಕೆರೆದುಕೊಳ್ಳುವ ಸರದಿ ಭಾಮೈದನದು.

ಭಾವ ಕತ್ತಲಲ್ಲೇ ಕುಕ್ಕರಿಸಿ ಪೆಟ್ಟಿಗೆಯ ಕೆಳಬಾಗಿಲು ತೆರೆದರು. ಮೀಟರಿನ ಬೆನ್ನಲ್ಲಿ, ಅದು ಚಾಲೂ ಇದೆಯೆಂದು ತೋರಿಸುವ, ಸಾಸಿವೆಯಷ್ಟು ಕೆಂಪು ದೀಪ. ಕೋಣೆಗೆಲ್ಲ ಟೇಪು ಮೆತ್ತಿದವರು ಇದನ್ನು ಬಿಟ್ಟಿದ್ದರು. ಒಂದು ಚೂರು ಟೇಪು ಅಂಟಿಸಿ ಬಾಗಿಲು ಮುಚ್ಚಿ, ಮೇಲಿನ ದೀಪ ಮತ್ತೆ ಹಚ್ಚಿ ಅದು ಹದಕ್ಕೆ ಬರುವವರೆಗೆ ಕಾದರು.

ಸೊನ್ನೆ.

"ಏನ್ರೀ, ಸೊನ್ನೆ ಹುಟ್ಟಿತಾ?" ಮತ್ತೆ ಅದೇ ಮೂಗುದನಿ.

"ಹುಟ್ಟಿತು ಕಣೋ ಕತ್ತೆ, ತೊಟ್ಟಿಲು ತಾ."

"ಭಾವ," ಪಕ್ಕದಲ್ಲಿ ಭಾಮೈದ ಪಿಸುಗುಟ್ಟಿದ, "ನಾನಲ್ಲ."

ಟೇಪು ಪರಪರ ಹರಿದು ಬಾಗಿಲು ತೆರೆಯಿತು. ಮುಖ್ಯಸ್ಥರು. ಬೆಳಕು ನುಗ್ಗಿದರೂ ಪರದೆಯ ಸೊನ್ನೆ ಅಲುಗಲಿಲ್ಲ. ಅದನ್ನೇ ನೋಡಿ ಅವರೆಂದರು, "ಕೋಣೆ ನಿಮ್ಗೇ ಇರ್ಲಿ. ಕತ್ತೆ ಯಾರು?"

ಭಾಮೈದ ನೆಲ ನೋಡಿದ. ಭಾವ ಮಾತ್ರ ನಕ್ಷತ್ರವನ್ನು ತಮ್ಮ ಹಣೆಗೇ ಅಂಟಿಸಿಕೊಂಡು, ಹೊಟ್ಟೆ ಹಿಡಿದುಕೊಂಡು, ಪಕ್ಕದ ಕೋಣೆಯವರೆಲ್ಲ ಓಡಿ ಬರುವಷ್ಟು ಜೋರಾಗಿ ನಗತೊಡಗಿದರು.